ಗಂಟು ಗಟ್ಟಿಯಾಗುವ ಗುಟ್ಟು

ಸ್ತನದಲ್ಲಿ ಗಂಟು ಸಿಕ್ಕಿದೆ ಎಂದು ಬಂದವರನ್ನು ಪರೀಕ್ಷಿಸುವಾಗ ವೈದ್ಯರು ಗಂಟಿನ ಗಾತ್ರದ ಜೊತೆಗೆ ಅದು ಎಷ್ಟು ಗಟ್ಟಿಯಾಗಿದೆ ಎಂಬುದನ್ನೂ ನೋಡುತ್ತಾರೆ. ಬೆರಳಿನ ಕೆಳಗೆ ಅತ್ತಿತ್ತ ಜಾರುವ ಗಂಟುಗಳು ಹೆಚ್ಚಾಗಿ ನಿರುಪದ್ರವಿ. ಕಲ್ಲಿನಂತೆ ಗಟ್ಟಿಯಾಗಿದ್ದು, ಅಂಚು ನುಣುಪಾಗಿರದೆ, ಸುತ್ತಲಿನ ಅಂಗಾಂಶಕ್ಕೆ ಕಚ್ಚಿಕೊಂಡಿರುವ ಗಂಟು ಅನುಮಾನ ಹುಟ್ಟಿಸುತ್ತದೆ. ಗಡಸುತನ ರೋಗದ ಲಕ್ಷಣ ಎಂಬುದು ವೈದ್ಯಲೋಕಕ್ಕೆ ಹಳೆಯ ತಿಳಿವಳಿಕೆ. ಗಂಟು ಯಾಕೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಒಳಗೆ ಏನಾಗುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗತೊಡಗಿದ್ದು ಮಾತ್ರ ಕಳೆದ ಎರಡು ದಶಕಗಳಲ್ಲಿ. ಆ ಗಡಸುತನವೇ ಕ್ಯಾನ್ಸರನ್ನು ಮುಂದಕ್ಕೆ ತಳ್ಳುತ್ತದೆ ಎಂದು ಈಗ ಗೊತ್ತಾಗಿದೆ. ಅದರ ಹಿಂದಿರುವುದು ಆಮ್ಲಜನಕವನ್ನು ಬಳಸಿ ಕೆಲಸ ಮಾಡುವ ಒಂದು ಕಿಣ್ವ.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು; ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಸ್ತನದೊಳಗೇ ಉಳಿದ ಗಡ್ಡೆಯಿಂದ ಸಾವು ಬರುವುದು ಅಪರೂಪ. ಅಲ್ಲಿಂದ ಕಳಚಿಕೊಂಡ ಕೋಶಗಳು ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳು ಸೇರಿದಾಗ ಪ್ರಾಣಕ್ಕೆ ಅಪಾಯ. ಆದ್ದರಿಂದ ಗಡ್ಡೆಯನ್ನು ಬೆಳೆಸುವುದು ಯಾವುದು, ಅಲ್ಲಿಂದಾಚೆ ಸಾಗಿಸುವುದು ಯಾವುದು ಎಂಬ ಎರಡು ಪ್ರಶ್ನೆಗಳ ಮೇಲೆ ವಿಜ್ಞಾನಿಗಳ ಕಣ್ಣು ನೆಟ್ಟಿದೆ. ಎರಡರ ಉತ್ತರದಲ್ಲೂ ಉತ್ಕರ್ಷಣ ಕಿಣ್ವಗಳ ಹೆಸರಿದೆ.

ಆಮ್ಲಜನಕದ ನೆರವಿನಿಂದ ಒಂದು ಅಣುವಿನಿಂದ ಎಲೆಕ್ಟ್ರಾನುಗಳನ್ನು ಕಸಿದು ಅದನ್ನು ಬೇರೊಂದು ಅಣುವಾಗಿ ಮಾರ್ಪಡಿಸುವುದು ಈ ಕಿಣ್ವಗಳ ಕೆಲಸ. ಆರೋಗ್ಯವಂತ ದೇಹಕ್ಕೂ ಇವು ಬೇಕೇ ಬೇಕು. ಹಾರ್ಮೋನು ತಯಾರಾಗುವುದು, ದೇಹ ಸೇರಿದ ಔಷಧಿ ವಿಭಜನೆಯಾಗುವುದು, ಚರ್ಮ ಮತ್ತು ರಕ್ತನಾಳಗಳು ಗಟ್ಟಿಮುಟ್ಟಾಗಿರುವುದು ಇವುಗಳಿಂದಲೇ. ಸ್ತನ ಕ್ಯಾನ್ಸರಿನ ಮಟ್ಟಿಗೆ ಮುಖ್ಯವಾದವು ಎರಡು: ಗಡ್ಡೆಗೆ ಹಾರ್ಮೋನು ಒದಗಿಸುವ ಅರೋಮಟೇಸ್ ಮತ್ತು ಗಡ್ಡೆಯ ಸುತ್ತಲಿನ ನಾರುಗಳನ್ನು ಬಿಗಿಯುವ ಲೈಸಿಲ್ ಆಕ್ಸಿಡೇಸ್. ಮೊದಲನೆಯದನ್ನು ತಡೆಯುವ ಮಾತ್ರೆ ಇಂದು ಊರಿನ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಎರಡನೆಯದರ ವಿರುದ್ಧದ ಹೋರಾಟ ಇನ್ನೂ ನಡೆದಿದೆ.

ಮುಟ್ಟು ನಿಂತರೂ ನಿಲ್ಲದ ಈಸ್ಟ್ರೋಜೆನ್

1896ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯ ಅಂಡಾಶಯಗಳನ್ನು ತೆಗೆದಾಗ ಗಡ್ಡೆ ಕುಗ್ಗಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಈಸ್ಟ್ರೋಜೆನ್ ಎಂಬ ಹಾರ್ಮೋನು ಆಗಿನ್ನೂ ಪತ್ತೆಯಾಗಿರಲಿಲ್ಲ. ಸ್ತನ ಕ್ಯಾನ್ಸರುಗಳಲ್ಲಿ ಬಹುಪಾಲು ಈಸ್ಟ್ರೋಜೆನ್ ಬಲದಿಂದ ಬೆಳೆಯುತ್ತವೆ ಎಂಬುದು ನಂತರ ತಿಳಿಯಿತು. ಆದರೂ ಒಂದು ಸಂಗತಿ ಒಗಟಾಗಿಯೇ ಉಳಿದಿತ್ತು. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜೆನ್ ತಯಾರಿಕೆಯನ್ನು ಬಹುತೇಕ ನಿಲ್ಲಿಸುತ್ತದೆ. ಹಾಗಿದ್ದರೂ ಅರವತ್ತು ದಾಟಿದವರಲ್ಲೂ ಈಸ್ಟ್ರೋಜೆನ್ ಅವಲಂಬಿತ ಗಡ್ಡೆಗಳು ಬೆಳೆಯುವುದು ಹೇಗೆ?

ಉತ್ತರ ಇದ್ದದ್ದು ಕೊಬ್ಬಿನಲ್ಲಿ. ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ಗಂಡು ಹಾರ್ಮೋನುಗಳ ವರ್ಗಕ್ಕೆ ಸೇರಿದ ಕೆಲವು ಅಣುಗಳನ್ನು ಜೀವನಪೂರ್ತಿ ತಯಾರಿಸುತ್ತವೆ. ಕೊಬ್ಬು ಮತ್ತು ಸ್ನಾಯುಗಳಲ್ಲಿರುವ ಅರೋಮಟೇಸ್ ಕಿಣ್ವ ಅವನ್ನು ಈಸ್ಟ್ರೋಜೆನ್ ಆಗಿ ಬದಲಿಸುತ್ತದೆ. ಹೀಗೆ ಒಂದು ಅಣು ಬದಲಾಗಲು ಮೂರು ಹಂತದ ಉತ್ಕರ್ಷಣ ನಡೆಯಬೇಕು, ಪ್ರತಿ ಹಂತಕ್ಕೂ ಒಂದೊಂದು ಆಮ್ಲಜನಕದ ಅಣು ಬೇಕು. ಸ್ತನದಲ್ಲೂ ಕೊಬ್ಬಿದೆಯಲ್ಲ! ಹಾಗಾಗಿ ಗಡ್ಡೆಯ ಪಕ್ಕದಲ್ಲೇ ಅದಕ್ಕೆ ಬೇಕಾದ ಹಾರ್ಮೋನು ತಯಾರಾಗುತ್ತದೆ. ಮುಟ್ಟು ನಿಂತ ನಂತರ ಬೊಜ್ಜು ಇರುವವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಲು ಇದೂ ಒಂದು ಕಾರಣ.

ಈ ಕಿಣ್ವವನ್ನೇ ತಡೆದರೆ ಹೇಗೆ ಎಂದು 1970ರ ದಶಕದಲ್ಲಿ ಯೋಚಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ಆಂಜೆಲಾ ಬ್ರೋಡಿ. ರಸಾಯನವಿಜ್ಞಾನಿಯಾಗಿದ್ದ ಪತಿ ಹ್ಯಾರಿ ಬ್ರೋಡಿ ಅವರ ಜೊತೆ ಸೇರಿ ಅವರು ಅರೋಮಟೇಸನ್ನು ಕಟ್ಟಿಹಾಕುವ ಅಣುಗಳನ್ನು ಹುಡುಕಿದರು. ಆಗ ಇಡೀ ವೈದ್ಯಲೋಕದ ಗಮನ ಟ್ಯಾಮಾಕ್ಸಿಫೆನ್ ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಔಷಧಿಯ ಮೇಲಿತ್ತು. ಬ್ರೋಡಿಯವರ ಔಷಧಿಯನ್ನು ರೋಗಿಗಳ ಮೇಲೆ ಪ್ರಯೋಗಿಸಲು ಮುಂದೆ ಬಂದವರು ಲಂಡನ್ನಿನ ವೈದ್ಯರು. 1984ರಲ್ಲಿ ಆ ಮೊದಲ ಫಲಿತಾಂಶಗಳು ಪ್ರಕಟವಾದವು. ಅದೇ ದಾರಿಯಲ್ಲಿ ಮುಂದೆ ಬಂದ ಅನಾಸ್ಟ್ರೋಝೋಲ್, ಲೆಟ್ರೋಝೋಲ್ ಮತ್ತು ಎಕ್ಸೆಮೆಸ್ಟೇನ್ ಮಾತ್ರೆಗಳು ಮುಟ್ಟು ನಿಂತ ಮಹಿಳೆಯರ ಚಿಕಿತ್ಸೆಯನ್ನೇ ಬದಲಿಸಿದವು. ಸುಮಾರು 32 ಸಾವಿರ ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಐದು ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಹತ್ತು ವರ್ಷದೊಳಗೆ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಶೇ 14.2 ಇದ್ದರೆ, ಅರೋಮಟೇಸ್ ತಡೆಯುವ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 12.1 ಇತ್ತು. ಒಂದು ಕಿಣ್ವವನ್ನು ಸುಮ್ಮನಾಗಿಸಿದ್ದರ ಫಲ ಇದು. ಬ್ರೋಡಿ 2017ರಲ್ಲಿ ತೀರಿಕೊಂಡರು.

ಹೂಬಳ್ಳಿಯ ಬೀಜ ತೋರಿದ ದಾರಿ

ಲೈಸಿಲ್ ಆಕ್ಸಿಡೇಸ್‌ನ ಕಥೆ ಶುರುವಾಗುವುದು ಕ್ಯಾನ್ಸರಿನಿಂದ ಬಹಳ ದೂರದಲ್ಲಿ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಸ್ವೀಟ್ ಪೀ ಎಂಬ ಹೂಬಳ್ಳಿಯ ಬೀಜಗಳನ್ನು ಇಲಿಗಳಿಗೆ ತಿನ್ನಿಸಿದಾಗ ಅವುಗಳ ಮೂಳೆಗಳು ಸೊಟ್ಟಗಾದವು. ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯೂ ಇದರಿಂದ ಬಿರಿಯುತ್ತದೆ ಎಂದು ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಈ ಬಳ್ಳಿ ನಮ್ಮಲ್ಲಿ ಕುಖ್ಯಾತವಾದ ಕೇಸರಿ ಬೇಳೆಯ ಹತ್ತಿರದ ಸಂಬಂಧಿ. ಕೇಸರಿ ಬೇಳೆಯಲ್ಲಿ ಕಾಲಿನ ಶಕ್ತಿ ಕಸಿಯುವ ವಿಷ ಬೇರೆ. ಸ್ವೀಟ್ ಪೀ ಬೀಜದಲ್ಲಿರುವುದು ಬಿಎಪಿಎನ್ ಎಂಬ ಇನ್ನೊಂದು ವಸ್ತು. 1950ರ ದಶಕದಲ್ಲಿ ಅದನ್ನು ಬೇರ್ಪಡಿಸಿದರು.

ಬಿಎಪಿಎನ್ ದೇಹದಲ್ಲಿ ತಡೆಯುತ್ತಿದ್ದದ್ದು ಏನನ್ನು? 1968ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಶೆಲ್ಡನ್ ಪಿನ್ನೆಲ್ ಮತ್ತು ಜಾರ್ಜ್ ಮಾರ್ಟಿನ್ ಇದಕ್ಕೆ ಉತ್ತರ ಕೊಟ್ಟರು. ಮೂಳೆಯಿಂದ ತೆಗೆದ ಸಾರದಲ್ಲಿ ಅವರಿಗೆ ಒಂದು ಕಿಣ್ವ ಸಿಕ್ಕಿತು. ನಮ್ಮ ದೇಹದ ನಾರಿನಂಥ ಪ್ರೋಟೀನುಗಳಾದ ಕೊಲ್ಯಾಜೆನ್ ಮತ್ತು ಇಲಾಸ್ಟಿನ್ ಎಳೆಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಈ ಕಿಣ್ವ ಆಮ್ಲಜನಕ ಬಳಸಿ ಲೈಸಿನ್‌ನ ತುದಿಯನ್ನು ಬದಲಿಸುತ್ತದೆ. ಬದಲಾದ ತುದಿಗಳು ಪಕ್ಕದ ಎಳೆಯ ತುದಿಗಳೊಂದಿಗೆ ತಾವಾಗಿಯೇ ಬೆಸೆದುಕೊಳ್ಳುತ್ತವೆ. ಬೆಸುಗೆ ಹೆಚ್ಚಿದಷ್ಟೂ ಅಂಗಾಂಶ ಬಿಗಿಯಾಗುತ್ತದೆ. ಈ ಕಿಣ್ವ ಕೆಲಸ ಮಾಡಬೇಕಾದರೆ ಅದರೊಳಗೆ ತಾಮ್ರದ ಒಂದು ಅಯಾನು ಇರಲೇಬೇಕು. ತಾಮ್ರದ ಈ ಅಗತ್ಯ ಮುಂದೆ ಔಷಧಿ ಹುಡುಕುವವರಿಗೆ ಒಂದು ದಾರಿಯಾಯಿತು.

ಲೈಸಿಲ್ ಆಕ್ಸಿಡೇಸ್ ಇಲ್ಲದಿದ್ದರೆ ರಕ್ತನಾಳ ಒತ್ತಡ ತಾಳುವುದಿಲ್ಲ, ಚರ್ಮ ಬಿಗಿಯಾಗಿರುವುದಿಲ್ಲ. 1990ರ ದಶಕದ ಆರಂಭದಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಕ್ಯಾನ್ಸರ್ ಕೋಶಗಳನ್ನು ಮತ್ತೆ ಸಹಜ ಸ್ಥಿತಿಗೆ ತರುವ ಒಂದು ಜೀನು ಸಿಕ್ಕಿದೆ ಎಂದು ವಿಜ್ಞಾನಿಗಳು ಹೇಳಿದರು. ಪರಿಶೀಲಿಸಿದಾಗ ಅದು ಲೈಸಿಲ್ ಆಕ್ಸಿಡೇಸ್‌ನ ಜೀನೇ ಆಗಿತ್ತು! ಕಿಣ್ವ ಸಿದ್ಧವಾಗುವಾಗ ಅದರಿಂದ ಕತ್ತರಿಸಿ ಬೀಳುವ ತುಣುಕು ಕ್ಯಾನ್ಸರನ್ನು ಹತ್ತಿಕ್ಕುತ್ತದೆ ಎಂಬುದು ನಂತರ ತಿಳಿಯಿತು. ಉಳಿದ ಮುಖ್ಯ ಭಾಗದ ನಡತೆ ಮಾತ್ರ ಬೇರೆಯೇ ಆಗಿತ್ತು.

ಉಸಿರುಗಟ್ಟಿದ ಗಡ್ಡೆಯ ತಂತ್ರ

ಗಡ್ಡೆ ವೇಗವಾಗಿ ಬೆಳೆದಾಗ ಅದರ ಒಳಭಾಗಕ್ಕೆ ರಕ್ತ ಸಾಲದೆ ಆಮ್ಲಜನಕದ ಕೊರತೆಯಾಗುತ್ತದೆ. ಕೋಶಗಳು ಈ ಕೊರತೆಯನ್ನು ಗುರುತಿಸುವ ಬಗೆಯನ್ನು ಕಂಡುಹಿಡಿದ ಗ್ರೆಗ್ ಸೆಮೆನ್ಜಾ, ಪೀಟರ್ ರಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂದಿತು. ಆಮ್ಲಜನಕ ಕಡಿಮೆಯಾದಾಗ ಕೋಶದಲ್ಲಿ ಹಲವು ಜೀನುಗಳು ಚುರುಕಾಗುತ್ತವೆ. ಅವುಗಳಲ್ಲಿ ಲೈಸಿಲ್ ಆಕ್ಸಿಡೇಸ್ ಕೂಡ ಒಂದು.

ಇದರ ಪರಿಣಾಮವನ್ನು 2006ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜ್ಯಾನಿನ್ ಎರ್ಲರ್, ಅಮಾಟೊ ಜಿಯಾಚಿಯಾ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ, ಲೈಸಿಲ್ ಆಕ್ಸಿಡೇಸನ್ನು ತಡೆದಾಗ ರೋಗ ಬೇರೆ ಅಂಗಗಳಿಗೆ ಹರಡುವುದು ತೀರಾ ಕಡಿಮೆಯಾಯಿತು. ರೋಗಿಗಳ ದಾಖಲೆಗಳೂ ಇದಕ್ಕೆ ಹೊಂದಿದವು. ಈಸ್ಟ್ರೋಜೆನ್ ಅವಲಂಬಿಸದ ಗಡ್ಡೆಗಳಲ್ಲಿ ಈ ಕಿಣ್ವ ಹೆಚ್ಚಿದ್ದವರಿಗೆ ರೋಗ ಹರಡುವ ಸಾಧ್ಯತೆಯೂ ಹೆಚ್ಚಿತ್ತು. ಅರೋಮಟೇಸ್ ತಡೆಯುವ ಮಾತ್ರೆಗಳು ಕೆಲಸಕ್ಕೆ ಬಾರದ ಗುಂಪು ಇದೇ ಎಂಬುದನ್ನು ಗಮನಿಸಬೇಕು.

ಗಡಸುತನದ ಪ್ರಶ್ನೆಗೆ ಉತ್ತರ ಬಂದಿದ್ದು ವಿಜ್ಞಾನಿ ವ್ಯಾಲರಿ ವೀವರ್ ಅವರ ಪ್ರಯೋಗಾಲಯದಿಂದ. ಆರೋಗ್ಯವಂತ ಸ್ತನದ ಅಂಗಾಂಶದ ಗಡಸುತನ ಸುಮಾರು 150ರಿಂದ 200 ಪ್ಯಾಸ್ಕಲ್. ಗಡ್ಡೆಯದ್ದು ಸುಮಾರು 4,000 ಪ್ಯಾಸ್ಕಲ್ ಎಂದು ಅವರ ತಂಡ ಅಳೆದಿತ್ತು. ಸ್ತನದ ಸಹಜ ಕೋಶಗಳನ್ನು ಮೆತ್ತನೆಯ ಜೆಲ್‌ನಲ್ಲಿ ಬೆಳೆಸಿದರೆ ಅವು ಅಚ್ಚುಕಟ್ಟಾಗಿ ಟೊಳ್ಳು ಗುಂಡಿನ ಆಕಾರದಲ್ಲಿ ಜೋಡಣೆಯಾಗುತ್ತವೆ. ಜೆಲ್ ಗಟ್ಟಿಯಾಗಿದ್ದರೆ ಅದೇ ಕೋಶಗಳು ಶಿಸ್ತು ತಪ್ಪಿ ಅಂಕೆ ಮೀರಿ ಬೆಳೆಯುತ್ತವೆ. 2009ರಲ್ಲಿ ಈ ತಂಡ ಇಲಿಗಳಲ್ಲಿ ಲೈಸಿಲ್ ಆಕ್ಸಿಡೇಸನ್ನು ತಡೆದಾಗ ಕೊಲ್ಯಾಜೆನ್ ಬಿಗಿಯುವುದು ಕಡಿಮೆಯಾಯಿತು, ಗಡ್ಡೆಗಳೂ ಕಡಿಮೆಯಾದವು. ಕೋಶದ ಹೊರಪದರದಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳು ಸುತ್ತಲಿನ ಬಿಗುವನ್ನು ಗ್ರಹಿಸಿ, ಬೆಳೆಯುವಂತೆ, ಚಲಿಸುವಂತೆ ಒಳಗೆ ಸೂಚನೆ ಕೊಡುತ್ತವೆ. ಗಡ್ಡೆ ಗಟ್ಟಿಯಾದಷ್ಟೂ ಈ ಸೂಚನೆ ಜೋರಾಗುತ್ತದೆ. ಇಲಾಸ್ಟೋಗ್ರಫಿ ಎಂಬ ಅಲ್ಟ್ರಾಸೌಂಡ್ ತಪಾಸಣೆ ಅಳೆಯುವುದು ಇದೇ ಗಡಸುತನವನ್ನು.

ಬೀಜಕ್ಕೆ ಮುನ್ನ ಹದವಾಗುವ ನೆಲ

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ದಾಖಲೆಗಳನ್ನು ಪರಿಶೀಲಿಸಿದ್ದರು. ರೋಗ ಕೆಲವು ಅಂಗಗಳಿಗೆ ಪದೇಪದೇ ಹರಡುತ್ತದೆ, ಕೆಲವನ್ನು ಮುಟ್ಟುವುದೇ ಅಪರೂಪ ಎಂಬುದನ್ನು ಕಂಡ ಅವರು, ಬೀಜ ಎಲ್ಲ ಕಡೆ ಬಿದ್ದರೂ ಮೊಳೆಯುವುದು ಒಗ್ಗುವ ನೆಲದಲ್ಲಿ ಮಾತ್ರ ಎಂದು ವಿವರಿಸಿದರು. ಆ ನೆಲ ಮೊದಲೇ ಒಗ್ಗುವಂಥದ್ದೇ, ಅಥವಾ ಗಡ್ಡೆಯೇ ಅದನ್ನು ಹದಗೊಳಿಸುತ್ತದೆಯೇ?

ಎರ್ಲರ್ ಅವರ 2009ರ ಅಧ್ಯಯನ ಎರಡನೆಯದಕ್ಕೆ ಬಲವಾದ ಸಾಕ್ಷ್ಯ ಕೊಟ್ಟಿತು. ಸ್ತನದ ಗಡ್ಡೆ ಸ್ರವಿಸಿದ ಲೈಸಿಲ್ ಆಕ್ಸಿಡೇಸ್ ಇಲಿಗಳ ಶ್ವಾಸಕೋಶದಲ್ಲಿ ಶೇಖರವಾಗಿ ಅಲ್ಲಿನ ಕೊಲ್ಯಾಜೆನ್ನನ್ನು ಬಿಗಿಯುತ್ತಿತ್ತು. ಬಿಗಿದ ಜಾಗಕ್ಕೆ ಮೂಳೆಮಜ್ಜೆಯಿಂದ ಕೆಲವು ರಕ್ಷಣಾ ಕೋಶಗಳು ಬಂದು ಅಂಟಿಕೊಂಡು, ಕ್ಯಾನ್ಸರ್ ಕೋಶಗಳು ನೆಲೆಯೂರಲು ಅನುಕೂಲ ಮಾಡಿಕೊಡುತ್ತಿದ್ದವು. ಕ್ಯಾನ್ಸರ್ ಕೋಶ ಅಲ್ಲಿಗೆ ತಲುಪುವ ಮೊದಲೇ ಇಷ್ಟೆಲ್ಲ ಆಗಿರುತ್ತಿತ್ತು. 2015ರಲ್ಲಿ ಶೆಫೀಲ್ಡ್ ಮತ್ತು ಕೋಪನ್‌ಹೇಗನ್ ವಿಜ್ಞಾನಿಗಳು ಮೂಳೆಯಲ್ಲೂ ಇಂಥದ್ದನ್ನೇ ಕಂಡರು. ಗಡ್ಡೆಯಿಂದ ಬಂದ ಈ ಕಿಣ್ವ ಮೂಳೆಯನ್ನು ಕರಗಿಸುವ ಕೋಶಗಳನ್ನು ಕೆರಳಿಸಿ ಸಣ್ಣ ಸಣ್ಣ ಗುಳಿಗಳನ್ನು ಮಾಡಿಸುತ್ತಿತ್ತು. ಕ್ಯಾನ್ಸರ್ ಕೋಶಗಳು ನಂತರ ಅಲ್ಲೇ ತಂಗುತ್ತಿದ್ದವು. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಔಷಧಿ ಇಲಿಗಳಲ್ಲಿ ಇದನ್ನು ತಡೆಯಿತು. ಮುಟ್ಟು ನಿಂತ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಇದೇ ವರ್ಗದ ಔಷಧಿ ಮೂಳೆಯಲ್ಲಿ ರೋಗ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ ಎಂದು ಅದೇ ವರ್ಷ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತು.

ಕಷ್ಟದ ಗುರಿ

ಇಷ್ಟು ತಿಳಿದ ಮೇಲೂ ಲೈಸಿಲ್ ಆಕ್ಸಿಡೇಸನ್ನು ತಡೆಯುವ ಔಷಧಿ ಸ್ತನ ಕ್ಯಾನ್ಸರ್ ರೋಗಿಗಳ ಕೈಗೆ ಬಂದಿಲ್ಲ. ಸ್ವೀಟ್ ಪೀ ಬೀಜದ ಬಿಎಪಿಎನ್ ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ. ಈ ಕಿಣ್ವ ಒಂಟಿಯೂ ಅಲ್ಲ. ಇದೂ ಸೇರಿ ಐದು ಕಿಣ್ವಗಳ ಕುಟುಂಬವಿದೆ, ಒಂದನ್ನು ತಡೆದರೆ ಇನ್ನೊಂದು ಉಳಿಯುತ್ತದೆ. ಕುಟುಂಬದ ಒಂದು ಕಿಣ್ವದ ವಿರುದ್ಧ ಅಮೆರಿಕದಲ್ಲಿ ಸಿಮ್ಟುಝುಮ್ಯಾಬ್ ಎಂಬ ಪ್ರತಿಕಾಯ ಔಷಧಿಯನ್ನು ಸಿದ್ಧಪಡಿಸಿದರು. ಮೇದೋಜೀರಕ ಗ್ರಂಥಿ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಪರೀಕ್ಷಿಸಿದಾಗ ರೋಗಿಗಳಿಗೆ ಲಾಭವಾಗಲಿಲ್ಲ.

ಇನ್ನೊಂದು ದಾರಿ ತಾಮ್ರದ್ದು, ಅದರ ಮೂಲ ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿದೆ. ಸಾಮರ್‌ಸೆಟ್ ಪ್ರದೇಶದ ಕೆಲವು ಕಡೆ ಮೇಯುತ್ತಿದ್ದ ದನಗಳು ಭೇದಿಯಾಗಿ ಸೊರಗುತ್ತಿದ್ದವು. ಅಲ್ಲಿನ ಮಣ್ಣಿನಲ್ಲಿ ಮಾಲಿಬ್ಡಿನಂ ಹೆಚ್ಚಿತ್ತು. ದನದ ಹೊಟ್ಟೆಯಲ್ಲಿ ಅದು ಗಂಧಕದೊಂದಿಗೆ ಸೇರಿ ತಾಮ್ರವನ್ನು ಹಿಡಿದಿಡುವ ವಸ್ತುವಾಗುತ್ತದೆ, ದನಕ್ಕೆ ತಾಮ್ರದ ಕೊರತೆಯಾಗುತ್ತದೆ. ಇದೇ ತಿಳಿವಳಿಕೆಯಿಂದ ಮಿಷಿಗನ್ ವಿಶ್ವವಿದ್ಯಾಲಯದ ಜಾರ್ಜ್ ಬ್ರೂವರ್, ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಗೆ ಟೆಟ್ರಾಥಯೋಮಾಲಿಬ್ಡೇಟ್ ಔಷಧಿಯನ್ನು ರೂಪಿಸಿದರು. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ನೂರಾರು ರೋಗಿಗಳನ್ನು ನೋಡುತ್ತ ಬಂದಿರುವ ಆನುವಂಶಿಕ ಕಾಯಿಲೆ ಇದು.

ನ್ಯೂಯಾರ್ಕಿನ ವೈದ್ಯೆ ಲಿಂಡಾ ವಾದತ್ ಮತ್ತು ಸಂಗಡಿಗರು ಇದೇ ಔಷಧಿಯನ್ನು ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದ 75 ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು: ತಾಮ್ರದ ಮಟ್ಟ ಇಳಿಯಿತು, ಕ್ಯಾನ್ಸರ್ ಹರಡಲು ನೆರವಾಗುವ ಕೆಲವು ಕೋಶಗಳೂ ಕಡಿಮೆಯಾದವು. ಆದರೆ ಹೋಲಿಕೆಗೆ ಔಷಧಿ ತೆಗೆದುಕೊಳ್ಳದ ಗುಂಪು ಇರಲಿಲ್ಲ. ಹಾಗಾಗಿ ಇದನ್ನು ಚಿಕಿತ್ಸೆ ಎಂದು ಕರೆಯುವಂತಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಡೀ ಕಿಣ್ವ ಕುಟುಂಬವನ್ನೇ ತಡೆಯುವ ಮಾತ್ರೆಯೊಂದು ಸಿದ್ಧವಾಗಿ, ಮೂಳೆಮಜ್ಜೆ ನಾರುಗಟ್ಟುವ ಕಾಯಿಲೆಯ ರೋಗಿಗಳ ಮೇಲೆ ಪರೀಕ್ಷೆ ನಡೆದಿದೆ.

ತಾಮ್ರದ ಚೊಂಬೂ ವಿಟಮಿನ್ ಮಾತ್ರೆಯೂ

ಇದನ್ನೆಲ್ಲ ಓದಿದವರಿಗೆ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿಯುವುದನ್ನು ಬಿಡಬೇಕೇ ಎಂಬ ಅನುಮಾನ ಬರಬಹುದು. ಹಾಗೆ ಬಿಡಬೇಕೆನ್ನಲು ಯಾವ ಆಧಾರವೂ ಇಲ್ಲ. ರಕ್ತ ತಯಾರಾಗಲು, ನರಗಳು ಕೆಲಸ ಮಾಡಲು ತಾಮ್ರ ಬೇಕು. ಆ ಪ್ರಯೋಗದಲ್ಲಿ ತಾಮ್ರ ಇಳಿಸಿದ್ದು ವೈದ್ಯರ ಕಣ್ಗಾವಲಿನಲ್ಲಿ, ಪದೇಪದೇ ರಕ್ತಪರೀಕ್ಷೆ ಮಾಡಿಸಿ. ಮನೆಯಲ್ಲಿ ಪಥ್ಯ ಮಾಡಿ ತಾಮ್ರ ಇಳಿಸಲು ಹೊರಟರೆ ಆರೋಗ್ಯ ಕೆಡುತ್ತದೆಯೇ ಹೊರತು ಕ್ಯಾನ್ಸರ್ ನಿಲ್ಲುವುದಿಲ್ಲ.

ಉತ್ಕರ್ಷಣ ಎಂದ ಕೂಡಲೇ ಆಂಟಿಆಕ್ಸಿಡೆಂಟ್ ಮಾತ್ರೆಗಳ ನೆನಪಾಗುವುದೂ ಸಹಜ. ಅರೋಮಟೇಸ್ ಆಗಲಿ, ಲೈಸಿಲ್ ಆಕ್ಸಿಡೇಸ್ ಆಗಲಿ ಅಂಥ ಮಾತ್ರೆಗಳಿಂದ ನಿಲ್ಲುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ಅಮೆರಿಕದಲ್ಲಿ ಸುಮಾರು 1,100 ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಮೋಥೆರಪಿಗೆ ಮುಂಚೆ ಮತ್ತು ಅದು ನಡೆಯುವಾಗ ಇಂಥ ಮಾತ್ರೆ ನುಂಗಿದವರಲ್ಲಿ ರೋಗ ಮರುಕಳಿಸುವ ಪ್ರಮಾಣ ಹೆಚ್ಚೇ ಕಂಡಿತು. ಇದು ಅಂತಿಮ ತೀರ್ಮಾನವಲ್ಲ. ಆದರೂ ವೈದ್ಯರಿಗೆ ಹೇಳದೆ ಇವನ್ನು ತೆಗೆದುಕೊಳ್ಳಬಾರದು ಎನ್ನಲು ಇಷ್ಟು ಸಾಕು.

ಲೆಟ್ರೋಝೋಲ್, ಅನಾಸ್ಟ್ರೋಝೋಲ್ ತೆಗೆದುಕೊಳ್ಳುವವರು ನೆನಪಿಡಬೇಕಾದ ಮಾತೊಂದಿದೆ. ಕೀಲು ನೋವು, ಮೂಳೆ ಸವೆತ ಈ ಮಾತ್ರೆಗಳ ಅಡ್ಡಪರಿಣಾಮಗಳು. ನೋವು ತಾಳಲಾರದೆ ಎಷ್ಟೋ ಮಂದಿ ನಡುವೆಯೇ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಟ್ಟರೆ ಕಿಣ್ವ ಮತ್ತೆ ಕೆಲಸ ಶುರು ಮಾಡುತ್ತದೆ. ನೋವಿಗೆ ಪರಿಹಾರವಿದೆ, ಒಂದು ಮಾತ್ರೆ ಒಗ್ಗದಿದ್ದರೆ ಬೇರೆಯದನ್ನು ಕೊಡಬಹುದು. ಬಿಡುವ ಮುನ್ನ ವೈದ್ಯರ ಬಳಿ ಮಾತಾಡಬೇಕು.

ಹರಡುವಿಕೆಯನ್ನು ತಡೆಯುವ ಔಷಧಿ ಬರುವವರೆಗೆ, ಹರಡುವ ಮುನ್ನ ಹಿಡಿಯುವುದೇ ಉಳಿದಿರುವ ದಾರಿ. ಅದಕ್ಕೆ ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಸುಮಾರು 1.5 ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಕೈಯಲ್ಲೇ ಸ್ತನ ಪರೀಕ್ಷೆ ಮಾಡಿಸಿತು. ಪರೀಕ್ಷೆ ಇಲ್ಲದ ಗುಂಪಿನಲ್ಲಿ ಪತ್ತೆಯಾದ ಕ್ಯಾನ್ಸರುಗಳಲ್ಲಿ ಶೇ 47ರಷ್ಟು ಮೂರನೇ ಅಥವಾ ನಾಲ್ಕನೇ ಹಂತ ತಲುಪಿದ್ದರೆ, ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅದು ಶೇ 37. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು.

ಮೂವತ್ತು ದಾಟಿದ ಮಹಿಳೆಯರಿಗೆ ಈ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಎಲ್ಲಿ, ಯಾವಾಗ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬಹುದು. ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಸೆಳೆದಂತಾದರೆ, ತೊಟ್ಟಿನಿಂದ ರಕ್ತ ಬಂದರೆ ತಡ ಮಾಡಬೇಡಿ. ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಪರೀಕ್ಷೆ ಮಾಡಿಸಿದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೂ, ಸ್ತನದೊಳಗಿರುವಾಗಲೇ ಸಿಕ್ಕ ರೋಗವನ್ನು ಗುಣಪಡಿಸುವ ಚಿಕಿತ್ಸೆ ಇಂದು ನಮ್ಮಲ್ಲೇ ಲಭ್ಯವಿದೆ. ಮನೆಯಲ್ಲಿ ಅಮ್ಮ, ಅಕ್ಕ, ಅತ್ತೆ ಯಾರಾದರೂ ಹೇಳಲು ಸಂಕೋಚಪಡುತ್ತಿದ್ದರೆ ನೀವೇ ಕೇಳಿ, ಜೊತೆಗೆ ಹೋಗಿ ತೋರಿಸಿಕೊಂಡು ಬನ್ನಿ.